ಹೆಣ್ಣು ನೋಡಲು ಹೋದ ಅರ್ಧ ಬಾಯಿ

ಹಲ್ಲುನೋವಿನ ಔಷಧಿ ನನ್ನ ಕೈಯಲ್ಲೇ ಇದೆ ಎಂದು ನಾನು ಪೂರ್ತಿ ನಂಬಿದ್ದೆ. ಚಹಾ ಕುಡಿದರೆ ದವಡೆಯ ಹಲ್ಲು ಝುಮ್ ಎನ್ನುತ್ತಿತ್ತು, ಲವಂಗ ಕಚ್ಚಿದೆ. ತಣ್ಣೀರು ತಾಗಿದರೆ ಪ್ರಾಣ ಹೋಗುತ್ತಿತ್ತು. ಮತ್ತೆ ಲವಂಗ ಕಚ್ಚಿದೆ. ಒಂದು ದಿನ ನೋವು ತಾನಾಗಿಯೇ ನಿಂತಿತು. ಮಸ್ಕಿಯ ನನ್ನ ಬೀಜದಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಬೀಜದ ಜೊತೆ ಲವಂಗದ ಮಹಿಮೆಯನ್ನೂ ಪುಕ್ಕಟೆಯಾಗಿ ಕೊಟ್ಟು ಕಳಿಸಿದೆ!

ಆಮೇಲೆ ಗಲ್ಲ ಉಬ್ಬಿತು. ಅದೂ ಯಾವತ್ತು? ಅಕ್ಕನ ಮಗ ಮಹಾಂತೇಶನಿಗೆ ಸಿಂಧನೂರಿನಲ್ಲಿ ಹೆಣ್ಣು ನೋಡಲು ಹೋಗುವ ದಿನ! ಫೋಟೊ ನೋಡಿಯೇ ಹುಡುಗ ಕರಗಿ ನೀರಾಗಿದ್ದ. ಈ ಸಂಬಂಧವಾದರೂ ಕೂಡಿಬರಲಿ ಎಂದು ಅಕ್ಕ ಕಂಡ ಕಂಡ ದೇವರಿಗೆ ಕಾಯಿ ಒಡೆಸಿದ್ದಳು.

"ಸೋದರಮಾವನ ಬಿಟ್ಟು ಹೆಂಗ ಹೋಗೋದು?" ಎಂದು ಅಕ್ಕ ಕಣ್ಣೊರೆಸಿಕೊಂಡಳು.

"ಮೊದ್ಲ ಆ ಗಲ್ಲ ಡಾಕ್ಟರಿಗೆ ತೋರಿಸ್ರಿ. ಹಿಂಗ ಹೋದ್ರ, ಬಾಯಾಗ ಉಂಡಿ ಇಟ್ಕೊಂಡು ಬಂದಾರ ಅಂತಾರ," ಎಂದಳು ನನ್ನ ಹೆಂಡತಿ ಶಾಂತಾ.

ಬೇಗನೆ ಹೊರಟು ಸಿಂಧನೂರಿನ ಹಲ್ಲಿನ ಡಾಕ್ಟರಮ್ಮನ ಮುಂದೆ ಬಾಯಿ ತೆರೆದೆ. "ನೋವು ನಿಂತೈತ್ರಿ," ಎಂದೆ, ಹೆಮ್ಮೆಯಿಂದ.

ಎಕ್ಸ್‌ರೇ ನೋಡಿದ ಡಾಕ್ಟರಮ್ಮ ನಕ್ಕರು. "ವಾಸಿಯಾಗಿ ನಿಂತಿಲ್ರಿ ಯಜಮಾನ್ರ. ಹುಳುಕು ನರದ ತನಕ ಹೋಗಿ ನರ ಸತ್ತೈತಿ. ಸತ್ತದ್ದು ಹೆಂಗ ನೋಯ್ತದ? ಈಗ ಬೇರಿನ ಕೆಳಗ ಕೀವು ಆಗೈತಿ. ಬಿಸಿ, ತಂಪು ತಾಗಿದಾಗ ಹಿಡ್ಕೊಂಡ ನೋವು ಲಗೂನ ಬಿಡ್ತಿದ್ದಿಲ್ಲಲ್ಲ, ಅವಾಗ ಬರಬೇಕಿತ್ತು. ರೂಟ್ ಕೆನಾಲ್ ಮಾಡಿ ಬೇರು ಸ್ವಚ್ಛ ಮಾಡಿ ತುಂಬಿದ್ರ ಹಲ್ಲು ಉಳೀತದ."

ನಾನು ಊರಿಗೆಲ್ಲ ಲವಂಗದ ಮಹಿಮೆ ಸಾರಿದ್ದು ನನ್ನದೇ ನರದ ತಿಥಿಗೆ!

ಸೂಜಿ ಚುಚ್ಚಿದ್ದೇ ತಡ, ಅರ್ಧ ತುಟಿ ಮತ್ತು ಅರ್ಧ ನಾಲಿಗೆ ನನ್ನ ಆಡಳಿತದಿಂದ ಹೊರಗೆ ಹೋದವು. ಬೇರಿನೊಳಗೆ ಏನೇನೋ ಓಡಾಡಿದರೂ ನೋವಿಲ್ಲ. ಕೀವು ತೆಗೆದು, ತಾತ್ಕಾಲಿಕವಾಗಿ ಮುಚ್ಚಿ, "ಇನ್ನೂ ಒಂದೆರಡು ಸಲ ಬರೋದೈತಿ. ಜೋಮು ಇಳಿಯೋ ತನಕ ಏನೂ ತಿನ್ನಬ್ಯಾಡ್ರಿ. ಗಲ್ಲ ಕಚ್ಚಿಕೊಂಡ್ರೂ ಗೊತ್ತಾಗಂಗಿಲ್ಲ," ಎಂದರು.

ಹಲ್ಲಿನ ಸುದ್ದಿ ಯಾರೂ ಎತ್ತಕೂಡದೆಂದು ಮನೆಯವರಿಗೆಲ್ಲ ಬೆಳಿಗ್ಗೆಯೇ ಅಪ್ಪಣೆ ಹೊರಡಿಸಿದ್ದೆ. ಹೆಣ್ಣಿನವರು ಮನೆತನಕ್ಕೇ ಹುಳುಕು ಎಂದುಕೊಂಡರೆ?

ಹೆಣ್ಣಿನ ಮನೆಯಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ಬಂತು. ನಮ್ಮ ಕಡೆ ಸೋದರಮಾವ ತಟ್ಟೆ ಮುಟ್ಟದಿದ್ದರೆ ಹೆಣ್ಣು ಒಪ್ಪಿಗೆಯಿಲ್ಲ ಎಂದೇ ಅರ್ಥ. ಡಾಕ್ಟರಮ್ಮನ ಮಾತು ನೆನೆದು ನಾನು ತಟ್ಟೆಗೆ ಕೈ ಹಾಕಲಿಲ್ಲ. ಹುಡುಗಿಯ ತಂದೆಯ ಮುಖ ಸಣ್ಣದಾಯಿತು. ಮಹಾಂತೇಶನ ಮುಖ ಅದಕ್ಕಿಂತ ಸಣ್ಣದಾಯಿತು. ಅಳಿಯನ ಸಲುವಾಗಿ ಪ್ರಾಣ ಹೋದರೂ ಹೋಗಲಿ ಎಂದು ಮಿರ್ಚಿ ಎತ್ತಿ ಕಚ್ಚಿದೆ. ಕಚ್ಚಿದ್ದು ಮಿರ್ಚಿಯನ್ನೋ ಗಲ್ಲವನ್ನೋ, ದೇವರೇ ಬಲ್ಲ! ಚಹಾ ಅರ್ಧ ಗಂಟಲಿಗೆ ಹೋಯಿತು, ಅರ್ಧ ಬಿಳಿ ಅಂಗಿಗೆ.

"ಹುಡುಗಿ ನೌಕರಿ ಬಿಡಂಗಿಲ್ರಿ," ಎಂದರು ತಂದೆ. ತಲೆಯಾಡಿಸಿದೆ.

"ಅಡಿಗಿ ಅಷ್ಟಕ್ಕಷ್ಟೇ ರೀ." ತಲೆಯಾಡಿಸಿದೆ.

"ಮದುವಿ ನಮ್ಮೂರಾಗ ಆಗಬೇಕ್ರಿ." ಅದಕ್ಕೂ ಆಡಿಸಿದೆ. ನಾಲಿಗೆಯೇ ಹೊರಳದಿದ್ದರೆ ಬೇರೇನು ಮಾಡಲಿ?

ಹುಡುಗಿ ಬಂದಳು. ನಾನು ನಕ್ಕೆ. ಅರ್ಧ ತುಟಿ ನಕ್ಕಿತು, ಉಳಿದರ್ಧ ನಗಲಿಲ್ಲ. ಟವೆಲಿನಿಂದ ಬಾಯಿ ಒರೆಸಿಕೊಂಡರೆ ಟವೆಲೆಲ್ಲ ಕೆಂಪು!

"ಅಯ್ಯ, ರಕ್ತ!" ಎಂದು ತಂದೆ ಎದ್ದೇಬಿಟ್ಟರು. ಶಾಂತಾ ಅಪ್ಪಣೆಯನ್ನು ಗಾಳಿಗೆ ತೂರಿ ಎಲ್ಲ ಹೇಳಿದಳು. ಹುಡುಗಿ ಬಿದ್ದು ಬಿದ್ದು ನಕ್ಕಳು. ಅವಳನ್ನು ನೋಡಿ ಮಹಾಂತೇಶನೂ ನಕ್ಕ.

"ಇಷ್ಟು ತ್ರಾಸಿನಾಗೂ ನಮ್ಮ ಮಿರ್ಚಿ ತಿಂದ್ರಲ್ರೀ! ಒಂದಕ್ಕೂ ಎದುರು ಮಾತಾಡ್ಲಿಲ್ಲ. ಇಂಥ ಸಂಭಾವಿತರು ಎಲ್ಲಿ ಸಿಗ್ತಾರ?" ಎಂದು ತಂದೆ ಸಕ್ಕರೆ ತರಿಸಿದರು. ಸಂಬಂಧ ಕೂಡಿತು!

ವಾಪಸ್ ಬಸ್ಸಿನಲ್ಲಿ ಎದೆಯುಬ್ಬಿಸಿ ಕೂತೆ. ಶಾಂತಾ ಮೆಲ್ಲಗೆ ಕೇಳಿದಳು: "ಹಿಂದಿನ ಸಂಬಂಧ ಎಲ್ಲಾ ಯಾಕ ಮುರಿದ್ವು, ಗೊತ್ತೈತೇನ್ರಿ? ಎಲ್ಲಾ ಕಡೀ ನೀವು ಮಾತಾಡಿದ್ರಿ."

ಅಕ್ಕ ನನ್ನ ಕೈ ಹಿಡಿದುಕೊಂಡಳು. "ತಮ್ಮಾ, ಕೈ ಮುಗಿತೀನಿ. ನಿಶ್ಚಯದ ದಿನಾನೂ ಆ ಸೂಜಿ ಹಾಕಿಸ್ಕೊಂಡೇ ಬಾರಪ್ಪಾ."

ತಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಜೊಲ್ಲು ಸುರಿಯಿತು!