ಎದುರಿನ ಕೂಸು, ಬೆಲ್ಜಿಯಂ ಮತ್ತು ನನ್ನ ಮೂರು ಮಾತು

ಮಾತು ಕಡಿಮೆ ಆಡಿದರೆ ತಂಟೆ ಕಡಿಮೆ ಎಂದು ತಿಳಿದಿದ್ದೆ. ಹಾಗೇನಿಲ್ಲ. ಸುಮ್ಮನೆ ಕೂತವನ ಕಣ್ಣೆದುರಿಗೇ ಎಲ್ಲ ನಡೆಯುತ್ತದೆ. ಆಮೇಲೆ ಸಾಕ್ಷಿ ಹೇಳಲು ಅವನನ್ನೇ ಕರೆಯುತ್ತಾರೆ.

ಗಡಿಯಾಚೆ ಮಹಾರಾಷ್ಟ್ರದ ನಿಲಂಗಾದಲ್ಲಿ ನನ್ನದು ಕಿರಾಣಿ ಅಂಗಡಿ. ಅಜ್ಜ ಬೀದರ ಕಡೆಯಿಂದ ಬಂದು ಹಾಕಿದ್ದು. ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ಅಂಗಡಿಯಲ್ಲಿ ನಾನು ಆಡುವುದು ಮೂರೇ ಮಾತು. ಗಿರಾಕಿ ಬಂದರೆ ‘ಏನ್ ಬೇಕ?’ ಸಾಮಾನು ಕಟ್ಟುವ ಮೊದಲು ‘ಚೀಲ ತಂದೀಯೇನ?’ ಪ್ಲಾಸ್ಟಿಕ್ ಚೀಲ ಬಂದ್ ಆದಾಗಿನಿಂದ ಇದನ್ನು ಕೇಳಲೇಬೇಕಾಗಿದೆ. ಇನ್ನು ಕಂಪನಿ ಏಜೆಂಟರು, ದೇಣಿಗೆಯವರು, ವೋಟು ಕೇಳುವವರು ಬಂದರೆ ‘ನಾಳಿ ಬಾ.’ ಇಷ್ಟರಲ್ಲೇ ಸಂಸಾರ ದಾಟಿದೆ.

ರಸ್ತೆಯ ಆಚೆ ಒಂದು ಶಿಶುಗೃಹ ಇದೆ. ದಿಕ್ಕಿಲ್ಲದ ಮಕ್ಕಳು ದತ್ತು ಹೋಗುವವರೆಗೆ ಅಲ್ಲಿರುತ್ತಾರೆ. ನಮ್ಮ ಮಕ್ಕಳು ಉದಗೀರ, ಉಮರ್ಗಾದಲ್ಲಿ ತಮ್ಮ ತಮ್ಮ ಸಂಸಾರ ಹೂಡಿದ್ದಾರೆ. ನನ್ನ ಹೆಂಡತಿಗೆ ಹೊತ್ತು ಹೋಗದು. ಮಧ್ಯಾಹ್ನ ಅಲ್ಲಿಗೆ ಹೋಗಿ ಮಕ್ಕಳಿಗೆ ಉಣಿಸಿ ಬರುತ್ತಾಳೆ. ಬರುವಾಗ ಒಬ್ಬಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಿದ್ದಳು. ಅಲ್ಲಿನ ಮ್ಯಾಡಮ್ ಆ ಕೂಸನ್ನು ಚಿಮಣಿ ಎನ್ನುತ್ತಿದ್ದರು. ಮರಾಠಿಯಲ್ಲಿ ಚಿಮಣಿ ಎಂದರೆ ಗುಬ್ಬಿ. ಕನ್ನಡದಲ್ಲಿ ಎಣ್ಣೆಯ ದೀಪ. ಎರಡೂ ಸರಿಯೇ. ಬಾಯಿಗೆ ಬಿಡುವಿಲ್ಲ, ಮುಖವೆಲ್ಲ ಮಸಿ.

ಚಿಮಣಿಯ ಒಂದು ಕಾಲು ಸ್ವಲ್ಪ ಗಿಡ್ಡ. ದತ್ತು ತಗೊಳ್ಳಲು ಬಂದವರು ಕಾಲು ನೋಡಿದರು, ಚಹಾ ಕುಡಿದರು, ಹೋದರು. ಕಡೆಗೆ ಬೆಲ್ಜಿಯಂ ದೇಶದ ಗಂಡ ಹೆಂಡತಿ ಒಪ್ಪಿದರು. ಒಪ್ಪಿದರೆ ಆಗಲಿಲ್ಲ. ಕಾಗದ ದಿಲ್ಲಿಗೆ ಹೋಗಬೇಕು, ಅಲ್ಲಿಂದ ಬರಬೇಕು, ಮತ್ತೆ ಹೋಗಬೇಕು. ನಡುವೆ ಅವರಿಗೆ ಬೇಸರವಾಗಿ ಬೇಡ ಅಂದರೆ ಚಿಮಣಿಯ ಸರದಿ ಮತ್ತೆ ಮೊದಲಿನಿಂದ. ಅಲ್ಲಿಯವರೆಗೆ ಅವಳು ನನ್ನ ಅಂಗಡಿಯ ಬೆಲ್ಲದ ಚೀಲದ ಮೇಲೆ ಕೂತು, ನನ್ನ ಹಾಗೆಯೇ ಮುಖ ಗಂಟಿಕ್ಕಿಕೊಂಡು, ಬಂದವರಿಗೆ ‘ಏನ್ ಬೇಕ?’ ಅನ್ನುತ್ತಿದ್ದಳು.

ಕನ್ನಡಿಯ ಊರು

ಬೆಲ್ಜಿಯಂ ಎಂದರೆ ನಮ್ಮ ಕಡೆ ದೇಶವಲ್ಲ, ಕನ್ನಡಿ. ನಿಜಾಮನ ಕಾಲದ ದೊಡ್ಡ ಮನೆಗಳಲ್ಲೆಲ್ಲ ಬೆಲ್ಜಿಯಂ ಕನ್ನಡಿ ಇರುತ್ತಿತ್ತು. ನನ್ನ ಅಪ್ಪ ಹೈದರಾಬಾದಿನಿಂದ ಒಂದು ತಂದಿದ್ದ. ಇಂದಿಗೂ ನನ್ನ ಗಾದಿಯ ಹಿಂದೆ ಗೋಡೆಯಲ್ಲಿದೆ.

ನಿನ್ನ ಅವ್ವ ಅಪ್ಪ ಎಲ್ಲಿದ್ದಾರೆ ಎಂದು ಚಿಮಣಿಗೆ ಹೇಳಬೇಕಲ್ಲ. ನನ್ನ ಹೆಂಡತಿ ಸುಲಭ ಮಾಡಿ ಹೇಳಿದಳು: ‘ಅಕಾ ನೋಡು, ಆ ಕನ್ನಡಿ ಊರಾಗ ಅದಾರ. ಬರ್ತಾರ.’

ಮರುದಿನದಿಂದ ಗಾದಿಯ ಹಿಂದೆ ಇರುವೆ. ಎಷ್ಟು ಹೊಡೆದರೂ ಇರುವೆ. ನೋಡಿದರೆ ಕನ್ನಡಿಯ ಚೌಕಟ್ಟಿನ ಮೇಲೆ ಅರ್ಧರ್ಧ ಬಿಸ್ಕೀಟು ಸಾಲಾಗಿವೆ. ಯಾಕೆ ಇಟ್ಟೆ ಎಂದು ಕೇಳಿದೆ. ಅವ್ವಗೆ ಎಂದಳು. ಹಾಗಾದರೆ ಯಾಕೆ ತಿಂದಿಲ್ಲ ನಿನ್ನ ಅವ್ವ ಎಂದೆ. ಚಿಮಣಿ ಕನ್ನಡಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

‘ನೀ ಅಡ್ಡ ಕುಂತಿ, ಮುತ್ಯಾ. ಆಕಿ ಹೆಂಗ ಬರ್ತಾಳ?’

ಆ ದಿನದಿಂದ ಗಾದಿಯನ್ನು ಸ್ವಲ್ಪ ಪಕ್ಕಕ್ಕೆ ಹಾಕಿಕೊಂಡು ಕೂರುತ್ತೇನೆ.

ಎರಡು ಹೂಂ

ವಾರಕ್ಕೊಮ್ಮೆ ಬೆಲ್ಜಿಯಂನಿಂದ ವಿಡಿಯೋ ಕಾಲ್ ಬರುತ್ತಿತ್ತು. ಕೂಸು ನನ್ನ ಹೆಂಡತಿ ಇದ್ದರೆ ಮಾತ್ರ ಫೋನಿನ ಮುಂದೆ ಕೂರುತ್ತಿತ್ತು. ಹಾಗಾಗಿ ಮ್ಯಾಡಮ್ ಅವಳನ್ನೂ ಕರೆಸುತ್ತಿದ್ದರು.

ಬೆಲ್ಜಿಯಂನ ಹೆಂಗಸು ನಮ್ಮ ಊರು ಮಹಾರಾಷ್ಟ್ರದ್ದು ಎಂದು ತಿಳಿದು ಮಾಸ್ತರರನ್ನು ಹಚ್ಚಿ ಮರಾಠಿ ಕಲಿತಿದ್ದಳು. ಪುಸ್ತಕದ ಮರಾಠಿ. ಒಂದೊಂದು ಅಕ್ಷರವನ್ನೂ ಇಸ್ತ್ರಿ ಮಾಡಿ ಮಡಚಿಟ್ಟ ಹಾಗೆ. ಚಿಮಣಿಗೋ ನನ್ನ ಹೆಂಡತಿಯ ಕನ್ನಡವೇ ಬಾಯಲ್ಲಿ. ಪಾಪ, ಆಕೆ ಕಷ್ಟಪಟ್ಟು ಮಾತಾಡಿದಳು. ಚಿಮಣಿ ಪೂರ್ತಿ ಕೇಳಿಸಿಕೊಂಡು, ಇವಳಿಗೆ ಹಲ್ಲು ನೋವೇನು ಎಂದು ನನ್ನ ಹೆಂಡತಿಯನ್ನು ವಿಚಾರಿಸಿದಳು.

ಒಮ್ಮೆ ಅವಳ ಗಂಡನಿಗೆ ನನ್ನನ್ನು ನೋಡಬೇಕೆನಿಸಿತು. ಕೂಸು ದಿನವೂ ಹೋಗಿ ಕೂರುವ ಅಂಗಡಿಯ ಮುದುಕ ಯಾರು ಎಂದು. ನನ್ನನ್ನು ಫೋನಿನ ಮುಂದೆ ಕೂರಿಸಿದರು. ಉದ್ದನೆಯ ಮನುಷ್ಯ, ಬಿಳಿ ಗಡ್ಡ. ಕೆಲಸ ಬಡಗಿಯದಂತೆ. ನಾನು ‘ಹೂಂ’ ಅಂದೆ. ಅವನೂ ಸ್ವಲ್ಪ ಯೋಚಿಸಿ ‘ಹೂಂ’ ಅಂದ. ಆಮೇಲೆ ಇಬ್ಬರೂ ಕೂತೆವು. ಒಳ್ಳೆಯ ಮನುಷ್ಯ ಎನಿಸಿತು. ಇಷ್ಟು ಸಮಾಧಾನವಾಗಿ ನಾನು ಬೀಗರೊಂದಿಗೂ ಕೂತಿಲ್ಲ.

ನಾವು ಇನ್ನೂ ಮಾತಾಡುತ್ತಿದ್ದಂತೆಯೇ ಮ್ಯಾಡಮ್ ಬಂದು ನೋಡಿ, ಚಿತ್ರ ಅಂಟಿಕೊಂಡಿದೆ, ನೆಟ್‌ವರ್ಕ್ ಹೋಗಿದೆ ಎಂದು ಫೋನು ಕಟ್ ಮಾಡಿದರು.

ಆಯಿ

ಇದರಲ್ಲಿ ನಗುವುದೇನೂ ಇರಲಿಲ್ಲ, ಆಗ.

ಒಮ್ಮೆ ವಿಡಿಯೋ ಕಾಲ್ ನಡೆದಾಗ ಚಿಮಣಿ ಕುರ್ಚಿಯಿಂದ ಬಿದ್ದಳು. ಬಿದ್ದವಳು ‘ಆಯೀ’ ಎಂದು ಅಳುತ್ತ ಓಡಿ ನನ್ನ ಹೆಂಡತಿಯ ಸೆರಗಿನಲ್ಲಿ ಮುಖ ಇಟ್ಟಳು. ನಮ್ಮ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ಮರಾಠಿಯಲ್ಲಿ ತಾಯಿ. ಬೆಲ್ಜಿಯಂನವಳು ಕಲಿತದ್ದು ಮರಾಠಿ.

ಆಕೆ ರಾತ್ರಿಯೆಲ್ಲ ಅತ್ತಳಂತೆ. ಕೂಸಿಗೆ ತಾಯಿ ಇದ್ದಾಳೆ, ತಾಯಿಯಿಂದ ಕಿತ್ತುಕೊಂಡು ಬಂದ ಕೂಸು ನಮಗೆ ಬೇಡ ಎಂದು ದಿಲ್ಲಿಗೆ ಬರೆದಳು. ಬರೆದದ್ದು ನ್ಯಾಯವೇ. ಫೈಲು ನಿಂತಿತು. ನನ್ನ ಹೆಂಡತಿ ಊಟ ಬಿಟ್ಟಳು. ಕಡೆಗೆ ವಿಚಾರಣೆಗೆ ಪುಣೆ ಕಡೆಯ ಒಬ್ಬ ಅಧಿಕಾರಿ ಬಂದರು.

ಮ್ಯಾಡಮ್ ನನ್ನ ಹೆಂಡತಿಗೆ ಮೊದಲೇ ತಾಕೀತು ಮಾಡಿದ್ದರು: ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಜಾಸ್ತಿ ಮಾತು ಬೇಡ. ಅಧಿಕಾರಿ ಮರಾಠಿಯಲ್ಲಿ ಕೇಳಿದರು: ‘ತುಮ್ಹೀ ಹಿಚೀ ಆಯಿ ಕಾ?’ ನೀವು ಇವಳ ತಾಯಿಯೇನು ಎಂದು.

ಇವಳು ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದ ‘ಹೋ, ಮೀಚ ಆಯಿ’ ಎಂದಳು. ಹೌದು, ನಾನೇ.

ಅಧಿಕಾರಿ ಅವಳ ಬಿಳಿ ಕೂದಲು ನೋಡಿದರು. ಕೂಸನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಹಾಗಾದರೆ ನೀವು ಯಾರು ಎಂದರು. ‘ಮುತ್ಯಾ’ ಅಂದೆ. ಮುತ್ಯಾ ಎಂದರೆ ನಮ್ಮಲ್ಲಿ ಅಜ್ಜ. ಮರಾಠಿಯವರ ಕಿವಿಗೆ ಆ ಶಬ್ದ ಬೇರೆ ಕಡೆ ಹೋಗುತ್ತದೆ. ಬಚ್ಚಲ ಕಡೆಗೆ; ಬಿಡಿಸಿ ಇಲ್ಲಿ ಬರೆಯುವಂತಿಲ್ಲ. ಅವರು ಪೆನ್ನು ಕೆಳಗಿಟ್ಟರು.

ಮ್ಯಾಡಮ್ ನಡುವೆ ಬಂದು ಬಿಡಿಸಿ ಹೇಳಿದರು. ಈ ಆಯಿ ಆಯಿಯಲ್ಲ, ಅಜ್ಜಿ. ಅಧಿಕಾರಿ ಎಚ್ಚೆತ್ತರು. ಅಜ್ಜಿ ಇದ್ದಾಳೆ ಎಂದರೆ ರಕ್ತ ಸಂಬಂಧಿ ಇದ್ದಾಳೆ ಎಂದಾಯಿತು, ಮತ್ತೆ ದತ್ತು ಹೇಗೆ? ಅಜ್ಜಿಯೂ ಅಲ್ಲ ಎಂದರು ಮ್ಯಾಡಮ್. ತಾಯಿಯಲ್ಲ, ಅಜ್ಜಿಯಲ್ಲ, ಹಾಗಾದರೆ ಏನು ಎಂದು ಬರೆಯಲಿ? ಬಹಳ ಹೊತ್ತು ಚರ್ಚೆ ನಡೆದು, ‘ರಸ್ತೆಯ ಆಚೆಯ ಹೆಂಗಸು’ ಎಂದು ಬರೆದುಕೊಂಡು ಹೋದರು. ಫೈಲು ಮತ್ತೆ ನಡೆಯಿತು.

ಹೆಂಡತಿ ಮನೆಗೆ ಬಂದು ಮೂಲೆಯಲ್ಲಿ ಕೂತಳು. ‘ಇಷ್ಟ ದಿನ ಉಣಿಸಿ ತಿನಿಸಿ, ಕಡೀಗಿ ನಾ ಏನೂ ಅಲ್ಲಂತ’ ಎಂದಳು. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಆದರೂ ಹೇಳಿದೆ: ನೀನಾದರೂ ರಸ್ತೆಯ ಆಚೆಯ ಹೆಂಗಸು, ನನ್ನದು ಬರೆದುಕೊಳ್ಳಲಿಕ್ಕೇ ಆಗಲಿಲ್ಲ.

ಅಂದು ಅವಳು ಉಂಡಳು. ಆ ವಾರದಿಂದಲೇ ಬೆಲ್ಜಿಯಂನವಳಿಗೆ ಮರಾಠಿ ಬಿಡಿಸಿ, ಫೋನಿನಲ್ಲಿ ತನ್ನ ಕನ್ನಡ ಕಲಿಸಲು ಶುರು ಮಾಡಿದಳು. ಉಣ್ಣು. ಮಲಕೋ. ನೀ ಬೇಕ. ಬ್ಯಾಡ ಅಂದ್ರ ಕೇಳು.

ಎಳ್ಳಮಾಸಿಯ ಸಾಮಾನು

ಆಮೇಲೆ ಫೈಲು ಒಬ್ಬ ದೊಡ್ಡ ಸಾಹೇಬರ ಸಹಿಗೆ ಬಂತು. ಸಹಿ ಮಾಡಬೇಕಾದವರು ಬದಲಿಯಾದರು. ಹೊಸಬರು ಬಂದರು. ಮ್ಯಾಡಮ್ ಜಿಲ್ಲಾ ಕಚೇರಿಗೆ ಅಲೆದರು. ಜೊತೆಗೆ ಒಬ್ಬ ಗಂಡಸಿರಲಿ ಎಂದು ನನ್ನನ್ನು ಕರೆದೊಯ್ಯುತ್ತಿದ್ದರು. ನಾನು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದೆ.

ಸಾಹೇಬರ ಬಾಗಿಲಿಗೆ ಒಬ್ಬ ಸಿಪಾಯಿ. ನಮ್ಮ ಊರಿನವನೇ, ದಿನವೂ ಎಸ್‌ಟಿ ಬಸ್ಸಿನಲ್ಲಿ ಹೋಗಿ ಬರುವವನು. ನಮ್ಮನ್ನು ಕಂಡ ಕೂಡಲೇ ‘ಉದ್ಯಾ ಯಾ’ ಎನ್ನುತ್ತಿದ್ದ. ನಾಳೆ ಬನ್ನಿ. ಹೋದಾಗಲೆಲ್ಲ ಅದೇ. ನನ್ನ ಮಾತನ್ನು ನನಗೇ ಬೇರೆಯವರು ಹೇಳಿದರೆ ಹೇಗಿರುತ್ತದೆ ಎಂದು ಆಗ ತಿಳಿಯಿತು.

ಎಳ್ಳಮಾಸಿ ಬಂತು, ಎಳ್ಳು ಅಮಾವಾಸ್ಯೆ. ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಕಾಳು ಸೊಪ್ಪಿನ ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಉಣ್ಣುವ ದಿನ. ಹಿಂದಿನ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಸಿಪಾಯಿ ಬಂದ. ಶೇಂಗಾ, ಬೆಲ್ಲ, ಎಳ್ಳು, ಕಡಲೆಹಿಟ್ಟು ಎಂದ. ಚೀಲವನ್ನೂ ತಂದಿದ್ದ.

‘ನಾಳಿ ಬಾ’ ಅಂದೆ.

‘ನಾಳಿ ಹಬ್ಬ ಅದರೀ, ಸಾವಕಾರ್ರ.’

‘ಹೂಂ.’

‘ಪಾವಣ್ಯಾರು, ಬೀಗರು ಬಂದಾರ್ರೀ. ಮನ್ಯಾಗ ಆಕಿ ನನ್ನ ಬಿಡೂದಿಲ್ಲ.’

ನಾನು ಬೇರೆ ಗಿರಾಕಿಗೆ ಸಕ್ಕರೆ ತೂಗಿದೆ. ಅವನು ನಿಂತ. ಬಹಳ ಹೊತ್ತು ನಿಂತ. ಬೆಲ್ಲದ ಚೀಲದ ಮೇಲಿದ್ದ ಚಿಮಣಿ ಅವನನ್ನೇ ಗಂಟು ಮುಖದಿಂದ ನೋಡುತ್ತಿದ್ದಳು. ಅವನಿಗೆ ಕೂಸು ಯಾವುದೆಂದು ತಿಳಿದಿರಬೇಕು.

‘ಆ ಫೈಲ್ ಕಪಾಟಿನ ಮ್ಯಾಲ ಅದ’ ಎಂದ ಮೆಲ್ಲಗೆ. ‘ಹಬ್ಬ ಆದ ಮ್ಯಾಲ ಟೇಬಲ್ ಮ್ಯಾಲ ಇಡ್ತೀನ್ರೀ.’

ಚೀಲಕ್ಕೆ ಕೈ ಚಾಚಿದೆ.

ಹಬ್ಬ ಮುಗಿದ ವಾರ ಸಹಿ ಆಯಿತು. ಹೊಸ ಸಾಹೇಬರು ಬಹಳ ಸಜ್ಜನರಂತೆ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಮ್ಯಾಡಮ್‌ಗೇ ಗದರಿದರಂತೆ.

ಚಾಲಚಲನ

ಪಾಸ್‌ಪೋರ್ಟಿಗೆ ವಿಚಾರಿಸಲು ಹವಾಲ್ದಾರ ಬಂದ. ನೆರೆಯವರ ಸಾಕ್ಷಿ ಬೇಕಂತೆ. ನೆರೆಯವನು ನಾನು.

ಇವಳು ಎಷ್ಟು ದಿನದಿಂದ ಈ ವಿಳಾಸದಲ್ಲಿದ್ದಾಳೆ ಎಂದು ಕೇಳಿದ. ಹುಟ್ಟಿದ ವಾರದಿಂದ ಎಂದೆ. ಬರೆದುಕೊಂಡ. ಚಾಲಚಲನ, ಅಂದರೆ ನಡತೆ, ಹೇಗಿದೆ ಎಂದ. ಬೆಲ್ಲ ಕದಿಯುತ್ತಾಳೆ ಎಂದೆ. ಅದನ್ನು ಬರೆದುಕೊಳ್ಳಲಿಲ್ಲ. ಊರಲ್ಲಿ ಯಾರೊಂದಿಗಾದರೂ ವೈರ? ಶಿಶುಗೃಹದ ಬೆಕ್ಕಿನೊಂದಿಗೆ ಎಂದೆ.

ಎಲ್ಲ ಮುಗಿಸಿ ಎದ್ದವನು ಬಾಗಿಲಲ್ಲಿ ಮತ್ತೆ ನಿಂತ. ಕೆಲಸದಲ್ಲಿ ಕಟ್ಟುನಿಟ್ಟಿನ ಮನುಷ್ಯ.

‘ಹುಟ್ಟೂಕಿಂತ ಮದಲ ಎಲ್ಲಿದ್ಲು?’

ಗಿರಾಕಿ

ಕಡೆಗೂ ಅವರು ಬಂದರು. ಶಿಶುಗೃಹದ ಬಾಗಿಲಿಗೆ ತೋರಣ, ರಂಗೋಲಿ. ಚಿಮಣಿಗೆ ಹೊಸ ಫ್ರಾಕು. ಕಾರು ನಿಂತದ್ದನ್ನು ಕಂಡ ಕೂಡಲೇ ಅವಳು ಕುಂಟುತ್ತ ರಸ್ತೆ ದಾಟಿ ಓಡಿಬಂದು ನನ್ನ ಬೆಲ್ಲದ ಚೀಲ ಏರಿ ಕೂತಳು. ಹಿಂದೆಯೇ ಶಿಶುಗೃಹದ ಆಯಾ, ಮ್ಯಾಡಮ್, ಅವರ ಹಿಂದೆ ಬೆಲ್ಜಿಯಂ.

ಆ ಹೆಂಗಸು ಅಂಗಡಿಯ ಮುಂದೆ ಮೊಣಕಾಲೂರಿ ಕೈ ಚಾಚಿದಳು. ಚಿಮಣಿ ತಿರುಗಿ ಕನ್ನಡಿ ನೋಡಿದಳು. ಒಡೆದಿಲ್ಲ, ಇವಳು ಹೊರಗೆ ಬಂದದ್ದು ಹೇಗೆ? ಮತ್ತೆ ಅವಳನ್ನು ನೋಡಿದಳು. ಹುಬ್ಬು ಗಂಟಿಕ್ಕಿದಳು.

‘ನಾಳಿ ಬಾ’ ಎಂದಳು.

ನನ್ನ ಹೆಂಡತಿ ಕಲಿಸಿದ್ದರಲ್ಲಿ ಇದು ಇರಲಿಲ್ಲ. ಗಡ್ಡದವನು ಏನಂದಳು ಎಂಬಂತೆ ನನ್ನ ಮುಖ ನೋಡಿದ. ‘ಉದ್ಯಾ ಯಾ’ ಎಂದೆ. ಅವನಿಗೆ ಆ ಮಾತು ತಿಳಿಯಿತು. ಇಷ್ಟು ಕಾಲ ಕಚೇರಿಯವರ ಉತ್ತರವೆಂದು ಮ್ಯಾಡಮ್ ಫೋನಿನಲ್ಲಿ ಅದೊಂದನ್ನೇ ಹೇಳಿದ್ದರು. ಮೊದಲ ಸಲ ನಕ್ಕ. ಹೆಂಡತಿಯ ಹೆಗಲು ಹಿಡಿದು ಎಬ್ಬಿಸಿದ. ನನಗೆ ‘ಹೂಂ’ ಎಂದ. ಹೋದರು.

ಸಂಜೆ ಮ್ಯಾಡಮ್ ಬಂದು ಹೇಳಿದರು: ಕೂಸು ತಾನಾಗಿ ಹೋಗದಿದ್ದರೆ ಎಳೆದು ಕಳಿಸುವ ಹಾಗಿಲ್ಲ. ಬೆಲ್ಜಿಯಂನವರೂ ಒಪ್ಪುವುದಿಲ್ಲ. ಮ್ಯಾಡಮ್ ಹೋದ ಮೇಲೆ ಹೆಂಡತಿಯ ಸರದಿ. ‘ಆಕಿ ಯಾರ ಬಾಯಿಂದ ಕಲ್ತಾಳ ಅದು? ಜನ್ಮದಾಗ ಮೂರು ಮಾತು ಆಡೀರಿ, ಅದ್ರಾಗ ಒಂದು ಹಿಂಗ ಮುಳುಗಸ್ತು.’ ನಾಳೆಯೂ ಅದನ್ನೇ ಅಂದರೆ ಎಂಬ ಭಯ ನನಗೂ ಇತ್ತು. ಅನ್ನಲಿ ಎಂಬುದೂ ಸ್ವಲ್ಪ ಇತ್ತು.

ಮರುದಿನ ಶಟರ್ ಎತ್ತುವ ಹೊತ್ತಿಗೆ ಇಬ್ಬರೂ ಎದುರಿಗೆ ನಿಂತಿದ್ದರು. ಚಿಮಣಿ ಆಯಾಳ ಕೈ ಬಿಡಿಸಿಕೊಂಡು ಬಂದು ತನ್ನ ಚೀಲದ ಮೇಲೆ ಕೂತಳು. ನಾಳೆ ಬಾ ಅನ್ನಿಸಿಕೊಂಡವರು ನಿಜವಾಗಿ ಮರುದಿನ ಬಂದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಕಡೆಗೆ ನನ್ನದೇ ದನಿಯಲ್ಲಿ ಕೇಳಿದಳು.

‘ಏನ್ ಬೇಕ?’

ಆ ಹೆಂಗಸು ನನ್ನ ಹೆಂಡತಿಯ ಮುಖ ನೋಡಿದಳು. ಫೋನಿನಲ್ಲಿ ಕಲಿತದ್ದನ್ನು ನೆನಪಿಸಿಕೊಂಡಳು.

‘ನೀ ಬೇಕ.’

ಚಿಮಣಿ ನನ್ನ ಕಡೆ ತಿರುಗಿದಳು. ಅಂಗಡಿಯಲ್ಲಿ ಯಾವ ಸಾಮಾನು ಕೊಡಬೇಕಾದರೂ ಅವಳು ನನ್ನನ್ನು ಕೇಳುತ್ತಿದ್ದಳು.

‘ಮುತ್ಯಾ, ಇಕಿಗಿ ನಾ ಬೇಕಂತ. ಕೊಡ್ಲೇನು?’

‘ನಾಳಿ ಬಾ’ ಎಂಬುದು ನನ್ನ ಗಂಟಲವರೆಗೆ ಬಂತು. ನುಂಗಿದೆ.

‘ಕೊಡು’ ಅಂದೆ.

ಚಿಮಣಿ ಚೀಲದಿಂದ ಇಳಿದು ಫ್ರಾಕಿಗೆ ಹತ್ತಿದ ಬೆಲ್ಲದ ಪುಡಿ ಕೊಡವಿಕೊಂಡಳು. ಆ ಹೆಂಗಸಿನ ಮುಂದೆ ಹೋಗಿ ನಿಂತು ಅವಳ ಎರಡೂ ಕೈ ನೋಡಿದಳು. ಖಾಲಿ.

‘ಚೀಲ ತಂದೀಯೇನ?’ ಎಂದಳು.