ಮ್ಯಾಂಡೋಲಿನ್ ಬಳಗಕ್ಕೆ ಒಂದು ಶಿಫಾರಸು

ಹೊಸನಗರದ ತೀರ್ಥೇಶನಿಗೆ ಮ್ಯಾಂಡೋಲಿನ್ ಹುಚ್ಚು. ಆ ಹುಚ್ಚು ಇನ್ನೊಬ್ಬರಿಗೆ ಅಂಟದಂತೆ ಅವನ ಬೆರಳುಗಳೇ ಕಾವಲಿದ್ದವು. ದಿನವಿಡೀ ಅಂಗಡಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿ ಬಂದು ಸಂಜೆ ಅವನು ನುಡಿಸಲು ಕೂತರೆ, ಪಂಪ್‌ಸೆಟ್ ಇನ್ನೂ ರಿಪೇರಿಯಾಗಿಲ್ಲವೆಂದೇ ಕೇಳಿದವರಿಗೆ ಅನ್ನಿಸುತ್ತಿತ್ತು.

ಆ ಭಾನುವಾರ ಬೆಳಗ್ಗೆ ಹೆಂಡತಿ ಸುಮನಾ ಕಾಫಿ ಲೋಟವನ್ನು ಕುಕ್ಕಿ ಇಟ್ಟಳು.

"ನೋಡಿ, ನಿಮ್ಮನ್ನ ಒಪ್ಕೊಳ್ಳೋ ಸಂಗೀತದವ್ರು ಲೋಕದಲ್ಲಿ ಎಲ್ಲಾದ್ರೂ ಇದ್ರೆ ಸಂಜೆಯೊಳಗೆ ತೋರ್ಸಿ. ಇಲ್ದಿದ್ರೆ ಮ್ಯಾಂಡೋಲಿನ್ ಅಟ್ಟಕ್ಕೆ."

ತೀರ್ಥೇಶ ಮೊಬೈಲ್ ಹಿಡಿದು ಜಗಲಿಯಲ್ಲಿ ಕೂತ. ಹುಡುಕಿ ಹುಡುಕಿ ಕಣ್ಣು ಉರಿಯುವ ಹೊತ್ತಿಗೆ 'ಹಳೇ ತಂತಿವಾದ್ಯ ಬಳಗ' ಸಿಕ್ಕಿತು. ಮ್ಯಾಂಡೋಲಿನ್, ಬ್ಯಾಂಜೋ, ಪಿಟೀಲು ಸೇರಿಸಿ ನುಡಿಸುತ್ತಿದ್ದ ಹಳೆಯ ತಂಡಗಳ ಅಭಿಮಾನಿಗಳು ಅಲ್ಲಿ ತುಂಬಿದ್ದರು. ಅವನಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ನಾನು ಹೊಸನಗರದವನು, ನನ್ನನ್ನೂ ಸೇರಿಸಿಕೊಳ್ಳಿ ಎಂದು ಬರೆದ.

ಬಳಗ ನಡೆಸುವ ಸಾಗರದ ಶ್ರೀಕರನಿಂದ ಉತ್ತರ ಬಂತು: "ನಿಮ್ಮೂರಿನ ಸದಸ್ಯರೊಬ್ರು ಶಿಫಾರಸು ಮಾಡ್ಬೇಕು. 'ಜೀರುಂಡೆ' ಅಂತ ಒಬ್ರಿದ್ದಾರಲ್ಲ! ನಿಜವಾದ ಹೆಸ್ರು ನಮ್ಗೂ ಗೊತ್ತಿಲ್ಲ. ಎಂಥಾ ಕೈ ಮಾರಾಯ್ರೆ!" ಜೊತೆಗೆ ಜೀರುಂಡೆ ನುಡಿಸಿದ ಆಡಿಯೋ ಇತ್ತು.

ಅದನ್ನು ಕೇಳಿ ತೀರ್ಥೇಶನ ಮೈ ಝುಮ್ಮೆಂದಿತು. ಅಷ್ಟರಲ್ಲಿ ಪಕ್ಕದ ಮನೆಯ ಕೆರಿಯಮ್ಮ, ಎದುರು ಮನೆಯ ನಿವೃತ್ತ ಕಂಡಕ್ಟರ್ ಗಿರಿಯಪ್ಪ ಜಗಲಿ ಹತ್ತಿದರು. ಕರೆಯದೆ ಬರುವುದರಲ್ಲಿ ಇಬ್ಬರೂ ಪಳಗಿದವರು. ವಿಷಯ ತಿಳಿದು ಆಡಿಯೋವನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು.

"ನಡುವೆ ಹಾರ್ನ್ ಕೇಳ್ತಲ್ಲ, ಅದು ಶಿವಮೊಗ್ಗ ಬಸ್ಸು. ನಮ್ಮ ತಿರುವಲ್ಲೇ ಹಾಗೆ ಹೊಡೆಯದು. ಮನೆ ಈ ಬೀದೀಲೇ ಇದೆ," ಎಂದ ಗಿರಿಯಪ್ಪ.

"ಹಾರ್ನ್ ಬಿಡಿ ಮಾರಾಯ್ರೆ, ಕುಕ್ಕರ್ ಕೇಳಿ! ಎರಡು ಸಲ ಬಿಕ್ಕಿ, ಆಮೇಲೆ ಊಳಿಡ್ತದೆ. ಸೀಟಿ ಹಿಡಿದು ಹೋದ್ರೆ ಮನೆ ಸಿಕ್ತದೆ," ಎಂದಳು ಕೆರಿಯಮ್ಮ.

ಹೀಗೆ ಹೊರಟಿತು ಸೀಟಿ ಶೋಧ. ಮೊದಲ ಮನೆಯವರು ಅನ್ನ ಆಗಿದೆ ಎಂದರೂ ಕೆರಿಯಮ್ಮ ಬಿಡದೆ ಇನ್ನೊಮ್ಮೆ ಕುಕ್ಕರ್ ಇಡಿಸಿದಳು. ಸೀಟಿ ಸಲೀಸಾಗಿ ಬಂತು. ಮುಂದಿನ ಮನೆಯಲ್ಲಿ ಕಿವಿಗೊಡಲು ಬಗ್ಗಿದ ಗಿರಿಯಪ್ಪನ ಮೀಸೆಗೆ ಬೇಳೆ ಹಾರಿತು. ಇನ್ನೊಂದು ಮನೆಯವರು, "ಪಂಪ್ ರಿಪೇರಿ ಮಾಡೋನಿಗೆ ಇದೆಂತ ದೊಡ್ಡದು?" ಎಂದು ತೀರ್ಥೇಶನಿಂದ ಕುಕ್ಕರ್ ರಿಪೇರಿ ಮಾಡಿಸಿಕೊಂಡೇ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಎಲ್ಲ ಮನೆಗಳಲ್ಲೂ ನಾಳೆಗೂ ಆಗುವಷ್ಟು ಅನ್ನವಿತ್ತು. ಜೀರುಂಡೆ ಮಾತ್ರ ಸಿಗಲಿಲ್ಲ.

ಮೂವರೂ ಸೋತು ತೀರ್ಥೇಶನ ಜಗಲಿಯಲ್ಲಿ ಕುಸಿದರು. ತನ್ನ ಮ್ಯಾಂಡೋಲಿನ್ ನೆನೆದು ತೀರ್ಥೇಶನಿಗೆ ಅಳುವೇ ಬಂತು. ಆಗ ಒಳಗೆ ಕುಕ್ಕರ್ ಎರಡು ಸಲ ಬಿಕ್ಕಿ, ಊಳಿಟ್ಟಿತು.

ತೀರ್ಥೇಶ ಆ ಕುಕ್ಕರಿನ ಅನ್ನ ಉಂಡವನೇ ಹೊರತು ಅದರ ಸೀಟಿಗೆ ಎಂದೂ ಕಿವಿಗೊಟ್ಟವನಲ್ಲ. ಎದ್ದುಬಿದ್ದು ಒಳಗೆ ಓಡಿದ.

"ನೀನಾ ಜೀರುಂಡೆ?"

"ಹೌದು," ಎಂದಳು ಸುಮನಾ ಕೈ ಒರೆಸಿಕೊಳ್ಳುತ್ತಾ. "ನೀವು ಅಂಗಡಿಗೆ ಹೋದ್ಮೇಲೆ ನುಡಿಸ್ತೀನಿ. ಮಧ್ಯಾಹ್ನ ನಾನು ಶ್ರುತಿ ಮಾಡಿಡದು, ಸಂಜೆ ನೀವು ಕೆಡ್ಸದು. ಅಟ್ಟದಲ್ಲಿದ್ರೆ ನೀವು ಮುಟ್ಟಲ್ಲ, ಏಣಿ ಕಂಡ್ರೆ ನಿಮ್ಗೆ ತಲೆ ತಿರುಗ್ತದೆ."

"ಅಯ್ಯೋ, ಮಧ್ಯಾಹ್ನ ಊಟಕ್ಕೆ ಬಂದು ನುಡಿಸೋದೂ ತೀರ್ಥೇಶನೇ, ಸಂಜೆ ಸುಸ್ತಾಗಿ ಹಾಗಾಗ್ತದೆ ಅಂದ್ಕೊಂಡಿದ್ನಲ್ಲೇ!" ಎಂದಳು ಹಿಂದೆಯೇ ಒಳಬಂದ ಕೆರಿಯಮ್ಮ.

"ಹಾಗಾದ್ರೆ ಆಡಿಯೋ ಕೇಳ್ದಾಗ್ಲೇ ಹೇಳ್ಬಾರ್ದಿತ್ತಾ?" ಎಂದು ಗಿರಿಯಪ್ಪ ರೇಗಿದ.

"ನಾನು ಕುಕ್ಕರ್ ಕೇಳ್ತಿದ್ದೆ."

ತೀರ್ಥೇಶನಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಶಿಫಾರಸು ಮಾಡುವವಳು ಮನೆಯಲ್ಲೇ ಇದ್ದಾಳೆ! "ಇನ್ನೆಂತ ಬೇಕು? ಈಗ್ಲೇ ಬರಿಯೇ!"

"ನುಡಿಸಿ, ನೋಡನ."

ಅವನು ಮನಸ್ಸು ತುಂಬಿ ನುಡಿಸಿದ. ಸುಮನಾ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಆಮೇಲೆ ಮೊಬೈಲ್ ತೆಗೆದು ಬಹಳ ಹೊತ್ತು ಬರೆದಳು. ಸ್ವಲ್ಪದರಲ್ಲೇ ತೀರ್ಥೇಶನ ಮೊಬೈಲಿಗೆ ಶ್ರೀಕರನ ಸಂದೇಶ ಬಂತು.

"ಜೀರುಂಡೆಯವರು ಕೆರಿಯಮ್ಮ, ಗಿರಿಯಪ್ಪ ಇಬ್ರನ್ನೂ ಶಿಫಾರಸು ಮಾಡಿದ್ದಾರೆ. ಭಾರೀ ಸೂಕ್ಷ್ಮ ಕಿವಿಯವರಂತೆ, ಸೇರಿಸ್ಕೊಂಡಿದ್ದೀವಿ. ನಿಮ್ದು ಮುಂದಿನ ವರ್ಷ ನೋಡನ ಅಂತ ಬಳಗದಲ್ಲಿ ಬರ್ದಿದ್ದಾರೆ."

ಬಳಗದ ಹೊಸ ಸದಸ್ಯರಿಬ್ಬರೂ ಅವನ ಎದುರಿಗೇ ಕೂತು ಆ ಮಾತಿಗೆ ಲೈಕ್ ಒತ್ತಿದರು.