ಮೇಷ್ಟ್ರ ಮನೆಗೆ ಬಂದ ಆದಿ ಬೆಳಕು

ಹಾಲಸ್ವಾಮಿ ಮೇಷ್ಟ್ರು ಕೆಟ್ಟದ್ದು ಬಾಯಿಂದಲೇ. "ಆಂಟೆನಾ ಎತ್ತರದಲ್ಲಿದ್ದರೆ ಬೆಂಗಳೂರಿನ ಟೀವಿ ಬಿಳಿಗೆರೆಗೂ ಬರುತ್ತೆ" ಎಂದು ಅವರು ಒಂದು ದಿನ ಮನೆ ಮಾಲೀಕರ ಮುಂದೆ ಹೇಳಿಬಿಟ್ಟರು. ಮಾಲೀಕರಾದ ಕೊಬ್ಬರಿ ವ್ಯಾಪಾರಿ ರೇವಣಸಿದ್ದಯ್ಯನವರು ಮಾತು ಕೇಳಿ ಸುಮ್ಮನಿರುವವರಲ್ಲ. ಬೆಂಗಳೂರಿಗೆ ಟೀವಿ ಬಂದು ಆಗ ಎರಡು ವರ್ಷವಾಗಿತ್ತು. ಬಿಳಿಗೆರೆಗೆ ಅದು ಬಂದಿಳಿದದ್ದು ಮುಂದಿನ ಭಾನುವಾರ, ಹುಲ್ಲಿನ ಮೆತ್ತೆಯ ಮೇಲೆ, ಎತ್ತಿನ ಗಾಡಿಯಲ್ಲಿ.

ಎತ್ತರಕ್ಕೆ ಆ ಊರಿನಲ್ಲಿ ಬರವಿಲ್ಲ. ಎಲ್ಲಕ್ಕಿಂತ ಎತ್ತರದ ತೆಂಗಿನ ಮರ ಮೇಷ್ಟ್ರ ಬಾಡಿಗೆ ಮನೆಯ ಹಿತ್ತಲಲ್ಲೇ ಇತ್ತು. ಕಾಯಿ ಕೀಳುವ ಹುಚ್ಚಣ್ಣ ಆಂಟೆನಾವನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿ, ಸುಳಿಯ ಪಕ್ಕಕ್ಕೆ ಹಗ್ಗದಿಂದ ಬಿಗಿದ. ಆದರೆ ವೈರು ಮಾಲೀಕರ ಮನೆಯವರೆಗೆ ಸಾಲಲಿಲ್ಲ.

"ಸದ್ಯಕ್ಕೆ ನಿಮ್ ನಡುಮನೇಲೇ ಇರ್ಲಿ ಬುಡಿ" ಎಂದು ರೇವಣಸಿದ್ದಯ್ಯ ಟೀವಿಯನ್ನು ಅಲ್ಲೇ ಇಳಿಸಿದರು.

ಮೇಷ್ಟ್ರ ಹೆಂಡತಿ ಸರ್ವಮಂಗಳಾ ಅದಕ್ಕೆ ಜಾಗ ಮಾಡಿಕೊಟ್ಟಳು. ನಾಲ್ಕು ವರ್ಷದಲ್ಲಿ ಐದು ಮನೆ ಬದಲಿಸಿದ ಮೇಲೆ, ಬಾವಿ ಹತ್ತಿರವಿದ್ದು ಸೂರು ಸೋರದ ಮನೆ ಸಿಕ್ಕಿದ್ದು ಇದೊಂದೇ. ಇದನ್ನು ಉಳಿಸಿಕೊಳ್ಳಲು ಆಕೆ ಟೀವಿಯನ್ನೇನು, ಆನೆಯನ್ನೂ ನಡುಮನೆಯಲ್ಲಿ ಕಟ್ಟಿಸಿಕೊಳ್ಳುತ್ತಿದ್ದಳು.

ಸಂಜೆ ಆರಕ್ಕೆ ಗುಂಡಿ ತಿರುವುವಾಗ ಅರ್ಧ ಊರು ಒಳಗಿತ್ತು, ಉಳಿದರ್ಧ ಕಿಟಕಿಯಲ್ಲಿತ್ತು. ರೇವಣಸಿದ್ದಯ್ಯ ಹಾಲ್ಕುರಿಕೆ ಊರಿನ ತಮ್ಮ ಬೀಗರನ್ನೂ ಕರೆಸಿ ಮುಂದಿನ ಚಾಪೆಯಲ್ಲಿ ಕೂರಿಸಿದ್ದರು. ಪರದೆಯ ಮೇಲೆ ಕಂಡದ್ದು ಬರೀ ಚುಕ್ಕೆ. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚುಕ್ಕೆ, ಜೊತೆಗೆ ಸೊಂಯ್ ಎಂಬ ಸದ್ದು.

"ತಿರುಗ್ಸೋ ಹುಚ್ಚಣ್ಣ!" ರೇವಣಸಿದ್ದಯ್ಯ ಹಿತ್ತಲ ಬಾಗಿಲಿಂದ ಕೂಗಿದರು.

"ಬಂತಾ ಅಯ್ಯಾ?" ಮರದ ಮೇಲಿಂದ ದನಿ ಬಂತು.

"ಇಲ್ಲ ಕಣ್ಲಾ!"

"ಈಗ?"

"ಇನ್ನೂ ಕೆಡ್ತು!"

"ಇಲ್ಲೊಂದು ಕಾಗೆ ಗೂಡು ಅಡ್ಡ ಐತೆ ಅಯ್ಯಾ!"

"ಅದನ್ನ ಸರಿಸ್ಲಾ!"

ಹುಚ್ಚಣ್ಣ ಸರಿಸಿದ. ಕಾಗೆಗಳು ಅವನ ನೆತ್ತಿಯನ್ನು ಕುಕ್ಕಿ ಕುಕ್ಕಿ ಲೆಕ್ಕ ಚುಕ್ತಾ ಮಾಡಿದವು. ಎದೆ ತರಚಿಕೊಂಡು ಅವನು ಜಾರಿ ಇಳಿದ. ಚುಕ್ಕೆ ಮಾತ್ರ ಹಾಗೇ ಇದ್ದವು.

ಬೀಗರು ಕೆಮ್ಮಿ ಎದ್ದು ನಿಂತರು. ರೇವಣಸಿದ್ದಯ್ಯನವರ ಮುಖ ಕಪ್ಪಿಟ್ಟಿತು.

"ಬೀಗರ ಮುಂದೆ ನನ್ ಮಾನ ಕಳೆದ್ರಲ್ಲ ಮೇಷ್ಟ್ರೇ! ನಾಳೆ ಬೆಳಗ್ಗೆ ಮನೆ ಖಾಲಿ ಮಾಡ್ಬುಡಿ."

ಸರ್ವಮಂಗಳಾ ಗಂಡನನ್ನು ನೋಡಿದಳು. ಆ ನೋಟಕ್ಕೆ ಹೆದರಿ ಮೇಷ್ಟ್ರು ಬಾಯಿಗೆ ಬಂದ ಸತ್ಯವನ್ನೆಲ್ಲ ಹೇಳಿಬಿಟ್ಟರು.

"ತಾಳಿ ಸ್ವಾಮಿ! ಗೂಡು ತೆಗೆದರೂ ಇದು ಹೋಗಲಿಲ್ಲ ತಾನೆ? ಅಮೆರಿಕದಲ್ಲೂ ಹೀಗೇ ಆಯ್ತು. ಇಬ್ಬರು ವಿಜ್ಞಾನಿಗಳ ಆಂಟೆನಾದಲ್ಲಿ ಇಂಥದೇ ಸದ್ದು. ಪಾರಿವಾಳ ಓಡಿಸಿದ್ರು, ಹಿಕ್ಕೆ ಕೆರೆದು ತೊಳೆದ್ರು. ಆಕಾಶದಲ್ಲಿ ಎತ್ತ ತಿರುಗಿಸಿದ್ರೂ ಅದೇ ಸದ್ದು. ಆಮೇಲೆ ತಿಳೀತು, ಅದು ಬ್ರಹ್ಮಾಂಡ ಹುಟ್ಟಿದ ಕಾಲದ ಕಾವು ಅಂತ. ಆಗ ಎಲ್ಲವೂ ಒತ್ತೊತ್ತಾಗಿ ಕೆಂಡದ ಹಾಗಿತ್ತು. ಹಿಗ್ಗುತ್ತಾ ಹಿಗ್ಗುತ್ತಾ ಆರಿತು. ದೂರದ ನಕ್ಷತ್ರಗಳ ಗುಂಪುಗಳು ಈಗಲೂ ನಮ್ಮಿಂದ ದೂರ ಹೋಗ್ತಾನೇ ಇವೆ, ಅವುಗಳ ಬೆಳಕು ಕೆಂಪಿನ ಕಡೆ ವಾಲಿರೋದೇ ಅದಕ್ಕೆ ಸಾಕ್ಷಿ. ಈ ಚುಕ್ಕೆಗಳಲ್ಲಿ ನೂರಕ್ಕೊಂದು ಆ ಮೊದಲ ಬೆಳಕಿನದು!"

ರೇವಣಸಿದ್ದಯ್ಯ ಹಣೆ ಉಜ್ಜಿಕೊಂಡರು.

"ಅಂದ್ರೆ, ಒಲೆ ಆರಿದ್ಮೇಲೂ ಕೊಬ್ಬರಿ ಅಟ್ಟ ಬೆಚ್ಚಗಿರ್ತೈತಲ್ಲ, ಹಂಗಾ?"

"ಹಾಗೇ! ಥೇಟ್ ಹಾಗೇ!" ಎಂದು ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. ಹದಿನಾರು ವರ್ಷದ ಪಾಠದಲ್ಲಿ ಇಷ್ಟು ಚೆನ್ನಾಗಿ ಯಾರೂ ಉತ್ತರ ಕೊಟ್ಟಿರಲಿಲ್ಲ. ಗದರಿಸಿದ ಮನುಷ್ಯನ ಕಾಲಿಗೆ ಬೀಳುವಷ್ಟು ಕೃತಜ್ಞತೆ ಅವರಿಗೆ ಉಕ್ಕಿತು.

ಪಕ್ಕದ ತೋಟದ ತಿಪ್ಪಯ್ಯನಿಗೂ ಅರ್ಥವಾಗಿತ್ತು. "ಹಿಗ್ತಾ ಐತೆ ಅನ್ನಿ! ಅದಕ್ಕೇ ಕಣ್ರೀ ಅಯ್ಯನೋರ ಬೇಲಿ ವರ್ಷಾ ವರ್ಷಾ ನಮ್ ತೋಟದೊಳಕ್ಕೆ ಬತ್ತಾ ಇರೋದು!"

ರೇವಣಸಿದ್ದಯ್ಯನವರಿಗೆ ಅದು ಕೇಳಿಸಲಿಲ್ಲ. ಅವರ ತಾಯಿ ಗಿರಿಜಾಂಬಿಕಾ ಪರದೆಯ ಹತ್ತಿರಕ್ಕೆ ತೆವಳುತ್ತಿದ್ದರು. ಮುದುಕಿಯ ಕಣ್ಣಿಗೆ ಪೊರೆ ಬಂದು ಹತ್ತು ವರ್ಷವಾಗಿತ್ತು.

"ಅದ್ಯಾವ ಚುಕ್ಕೆ ಮೇಷ್ಟ್ರೇ, ಮೊದಲ ಬೆಳಕಿಂದು?"

"ಅದನ್ನ ಹೇಳೋಕಾಗಲ್ಲ ಅಜ್ಜಿ."

"ಹಂಗಾರೆ ಎಲ್ಲಕ್ಕೂ ಕೈ ಮುಗಿಯೋದೇ ವಾಸಿ." ಮುಗಿದರು. ಆಮೇಲೆ ಸುತ್ತ ತಿರುಗಿ ಕೇಳಿದರು: "ನಿಮಗೂ ಬರೀ ಚುಕ್ಕೆನೇ ಕಾಣ್ತಾ ಇರೋದಾ?"

"ಹೂಂ ಕಣಜ್ಜಿ."

"ನಂಗೂ ಅದೇ ಕಾಣ್ತೈತೆ ಕಣ್ರಪ್ಪಾ! ನೀವು ಕಂಡಿದ್ದನ್ನ ನಾನೂ ಕಂಡು ಹತ್ತು ವರ್ಷ ಆಗಿತ್ತು. ನಿಮ್ ಹೊಟ್ಟೆ ತಣ್ಣಗಿರ್ಲಿ ಮೇಷ್ಟ್ರೇ."

ರೇವಣಸಿದ್ದಯ್ಯನವರ ಕಣ್ಣು ತುಂಬಿ ಬಂತು. ಯಾರೋ ಕರ್ಪೂರ ತಂದರು, ಟೀವಿಯ ಹಣೆಗೆ ವಿಭೂತಿ ಬಿತ್ತು. ರೇವಣಸಿದ್ದಯ್ಯ ತಾವೇ ಕಾಯಿ ಒಡೆದರು, ಹಾಲ್ಕುರಿಕೆ ಬೀಗರು ಮತ್ತೆ ಕೂತು ಕೈಮುಗಿದರು. ಸರ್ವಮಂಗಳಾ ನೆಮ್ಮದಿಯಿಂದ ಎಲ್ಲರಿಗೂ ಪಾನಕ ಕೊಟ್ಟಳು.

"ನಾಳೆ ಉದ್ದದ ವೈರು ತಂದು ಇದನ್ನ ನಮ್ಮನೆಗೆ ಸಾಗಿಸ್ತೀನಿ" ಎಂದರು ರೇವಣಸಿದ್ದಯ್ಯ.

"ಏನ್ ಮಾತು ಅಂತ ಆಡ್ತೀಯೋ!" ಗಿರಿಜಾಂಬಿಕಾ ಗದರಿದರು. "ಕಾಯಿ ಒಡೆದು ಪೂಜೆ ಆದ್ಮೇಲೆ ಕೂತ ದೇವ್ರನ್ನ ಯಾರಾದ್ರೂ ಕದಲಿಸ್ತಾರಾ? ದೇವ್ರ ಮುಂದೆ ಹಾಸಿಗೆ ಹಾಸ್ಕೊಂಡು ಸಂಸಾರ ಮಾಡಕ್ಕಾಯ್ತದಾ?"

ಊರೆಲ್ಲ ಹೌದು ಹೌದು ಎಂದಿತು. ರೇವಣಸಿದ್ದಯ್ಯ ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

"ಈ ಜನ್ಮದಲ್ಲಿ ನಿಮ್ ಋಣ ತೀರ್ಸಕ್ಕಾಗಲ್ಲ ಮೇಷ್ಟ್ರೇ. ಸಿಟ್ನಲ್ಲಿ ಮನೆ ಖಾಲಿ ಮಾಡಿ ಅಂದ್ಬುಟ್ಟೆ, ದೊಡ್ಡ ತಪ್ಪಾಯ್ತು. ಈಗ ಕೈ ಮುಗ್ದು ಕೇಳ್ಕೋತೀನಿ, ಖಾಲಿ ಮಾಡ್ಬುಡಿ."

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅವರ ಹಾಸಿಗೆಯ ಸುರುಳಿ ರೇವಣಸಿದ್ದಯ್ಯನವರ ತಲೆಯ ಮೇಲಿತ್ತು. ಆಳಿಗೆ ಹೇಳದೆ, ಭಕ್ತಿಯಿಂದ ತಾವೇ ಹೊತ್ತಿದ್ದರು.

"ಎಲ್ಲಿಗ್ರೀ ಹೋಗೋದು ನಾವು?" ಸರ್ವಮಂಗಳಾ ಪಾನಕದ ಚೊಂಬು ಹಿಡಿದೇ ಕೇಳಿದಳು.

"ಇಷ್ಟೊಂದು ಹಿಗ್ತಾ ಇರೋ ಬ್ರಹ್ಮಾಂಡದಲ್ಲಿ" ಎಂದರು ರೇವಣಸಿದ್ದಯ್ಯ ಹೊಸ್ತಿಲು ದಾಟುತ್ತಾ, "ನಿಮಗೊಂದು ಮನೆ ಸಿಗಾಕಿಲ್ವಾ ತಾಯಿ?"